ಎಲೆ ಲೆಕ್ಕ ತಪ್ಪಿದ ಯುದ್ಧ: 1204ರ ಕಾನ್‌ಸ್ಟಾಂಟಿನೋಪಲ್ ಪ್ರಕರಣ

ಮೊದಲು ಬಿಲ್ಲು ನೋಡೋಣ. 4,500 ಕುದುರೆ, ಒಂದಕ್ಕೆ 4 ಮಾರ್ಕ್: 18,000. 33,500 ಜನ, ತಲೆಗೆ 2 ಮಾರ್ಕ್: 67,000. ಒಟ್ಟು 85,000 ಮಾರ್ಕ್ ಬೆಳ್ಳಿ. ಇವತ್ತಿನ ತೂಕದಲ್ಲಿ ಹತ್ತಿರ ಹತ್ತಿರ 20 ಟನ್. ಇದು 1201ರ ಏಪ್ರಿಲ್‌ನಲ್ಲಿ ವೆನಿಸ್‌ನಲ್ಲಿ ಆದ ಕರಾರು. ಕೂಡಿ ನೋಡಿದರೆ ಒಂದು ಪೈಸೆ ವ್ಯತ್ಯಾಸವಿಲ್ಲ. ಆದರೂ ಈ ಲೆಕ್ಕದ ಬೆನ್ನು ಹತ್ತಿ ಹೋದವರು ಸರಿಯಾಗಿ ಮೂರು ವರ್ಷಕ್ಕೆ, 1204ರ ಏಪ್ರಿಲ್‌ನಲ್ಲಿ, ಕ್ರೈಸ್ತ ಜಗತ್ತಿನ ಅತಿ ದೊಡ್ಡ ನಗರವನ್ನು ಲೂಟಿ ಮಾಡಿದರು. ಲೂಟಿ ಮಾಡಿದವರೂ ಕ್ರೈಸ್ತರೇ.

ಚರಿತ್ರೆಯಲ್ಲಿ ಇದಕ್ಕೆ ನಾಲ್ಕನೇ ಕ್ರುಸೇಡ್, ಅಂದರೆ ಕ್ರೈಸ್ತರ ಧರ್ಮಯುದ್ಧ, ಅಂತ ಹೆಸರು. ಹೊರಟಿದ್ದು ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಬಿಡಿಸಲು. ಹೋಗಿ ಮುಟ್ಟಿದ್ದು ಆಗಿನ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ಈ ಕಥೆ ಹೇಳುವವರು ಸಾಮಾನ್ಯವಾಗಿ ಒಬ್ಬ ಖಳನಾಯಕನನ್ನು ಹುಡುಕುತ್ತಾರೆ. ಹೆಚ್ಚಿನವರು ಬೆರಳು ತೋರಿಸುವುದು ವೆನಿಸ್‌ನ ಕುರುಡ ಮುದುಕ, ಅಲ್ಲಿನ ಡೋಜ್ ಅಂದರೆ ಆಳುವವನಾಗಿದ್ದ ಎನ್ರಿಕೊ ದಾಂಡೊಲೊ ಕಡೆಗೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನೇನು ಸಾಧು ಅಲ್ಲ. ಆದರೆ ಘಟನೆಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ನೋಡಿದರೆ ಕೈಗೆ ಸಿಗುವುದು ಪಿತೂರಿಯಲ್ಲ, ಒಂದು ಸಾಲ. ಅದನ್ನು ತೀರಿಸಲು ಹೋದಾಗಲೆಲ್ಲ ಇನ್ನೊಂದು ಸಾಲ ಹುಟ್ಟಿತು.

ಕರಾರು

1187ರಲ್ಲಿ ಸಲಾದಿನ್ ಜೆರುಸಲೇಮನ್ನು ಗೆದ್ದಿದ್ದ. ಅದನ್ನು ವಾಪಸ್ ಪಡೆಯಲು ಹೋದ ಮೂರನೇ ಕ್ರುಸೇಡ್ ಅರ್ಧ ದಾರಿಯಲ್ಲೇ ನಿಂತಿತು. ಮೂರನೇ ಇನ್ನೊಸೆಂಟ್ ಪೋಪ್ ಆದದ್ದು 1198ರಲ್ಲಿ. ಅದೇ ವರ್ಷ ಮತ್ತೊಂದು ಕ್ರುಸೇಡಿಗೆ ಕರೆ ಕೊಟ್ಟ. ಫ್ರಾನ್ಸ್ ಮತ್ತು ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಪಾಳೆಯಗಾರರು ಮುಂದೆ ಬಂದರು. ಸಮುದ್ರ ದಾಟಬೇಕು, ಹಡಗಿಲ್ಲ. ಆರು ಜನರನ್ನು ವೆನಿಸ್‌ಗೆ ಕಳಿಸಿದರು. ಅವರಲ್ಲಿ ಒಬ್ಬ ಶಾಂಪೇನ್ ಪ್ರಾಂತ್ಯದ ಜೆಫ್ರಿ ವಿಲ್ಲಾರ್ದ್ವಾ. ಆಮೇಲೆ ಈ ಇಡೀ ಕಥೆಯನ್ನು ಬರೆದಿಟ್ಟವನೂ ಅವನೇ. ಹಾಗಾಗಿ ಅವನ ಮಾತನ್ನು ಓದುವಾಗ ಒಂದು ಚಿಟಿಕೆ ಉಪ್ಪು ಜೊತೆಗಿರಲಿ. ತಲೆ ಲೆಕ್ಕ ಹೇಳಿದ ತಂಡದಲ್ಲಿ ಅವನಿದ್ದ.

ಎಷ್ಟು ಜನ ಬರುತ್ತಾರೆ ಅಂತ ವೆನಿಸ್‌ನವರು ಕೇಳಿದರು. 4,500 ನೈಟ್‌ಗಳು (ಕವಚ ತೊಟ್ಟ ಸವಾರ ಯೋಧರು), ಅವರ ಕುದುರೆಗಳು, 9,000 ಸಹಾಯಕರು, 20,000 ಕಾಲಾಳು ಅಂದರು ಇವರು. ಅಷ್ಟು ಜನರನ್ನು ಯಾರೂ ಕರೆದು ನಿಲ್ಲಿಸಿ ಎಣಿಸಿರಲಿಲ್ಲ. ವೆನಿಸ್ ಒಪ್ಪಿತು. ಹಡಗು, ರೊಟ್ಟಿ, ಹಿಟ್ಟು, ಕಾಳು, ವೈನ್, ಕುದುರೆ ಮೇವು ಎಲ್ಲ ತಮ್ಮದೇ. ಮೇಲೆ 50 ಯುದ್ಧದ ಗ್ಯಾಲಿಗಳು (ಹುಟ್ಟು ಹಾಕಿ ನಡೆಸುವ ಹಡಗು) ಸ್ವಂತ ಖರ್ಚಿನಲ್ಲಿ, ಅದಕ್ಕೆ ಬದಲಾಗಿ ಗೆದ್ದದ್ದರಲ್ಲಿ ಅರ್ಧ ಪಾಲು. 1202ರ ಜೂನ್ 29ಕ್ಕೆ ಎಲ್ಲ ಸಿದ್ಧವಿರಬೇಕು. ಗುರಿ ಈಜಿಪ್ಟ್. ಅಲ್ಲಿ ಹೊಡೆದರೆ ಜೆರುಸಲೇಮ್ ತಾನಾಗಿ ಸಡಿಲವಾಗುತ್ತದೆ ಅನ್ನುವ ಯೋಚನೆ. ಇದನ್ನು ಸಾಮಾನ್ಯ ಸೈನಿಕರಿಗೆ ಹೇಳಲಿಲ್ಲ. ಹೇಳಿದರೆ ಬರುತ್ತಾರೋ ಇಲ್ಲವೋ ಅನ್ನುವ ಭಯ.

ಸಣ್ಣದೊಂದು ಮನೆ ಮಾತು. ನಮ್ಮ ಮನೆಯ ಒಂದು ಮದುವೆಯಲ್ಲಿ ಅಡುಗೆಯವರಿಗೆ 800 ಎಲೆ ಅಂತ ಹೇಳಿದ್ದೆವು. ಹಿಂದಿನ ರಾತ್ರಿಯಿಂದಲೇ ಮಳೆ ಹಿಡಿಯಿತು. ಕೊನೆಗೆ ಹಾಕಿದ್ದು 300 ಎಲೆ ಚಿಲ್ಲರೆ. ಅಡುಗೆಯವರು 800 ಎಲೆಯ ದುಡ್ಡೇ ಕೇಳಿದರು. ನನ್ನ ಸೋದರಮಾವ ಜಗಳಕ್ಕೆ ನಿಂತರು. ಆದರೆ ಸಾರಿನ ಹಂಡೆ ಎದುರಿಗೇ ಕುದಿಯುತ್ತಿತ್ತು, ಏನು ಮಾತಾಡೋದು? ವೆನಿಸ್‌ನವರದ್ದೂ ಇದೇ ಪರಿಸ್ಥಿತಿ. ಒಂದು ವರ್ಷಕ್ಕೂ ಜಾಸ್ತಿ ತಮ್ಮ ವ್ಯಾಪಾರವನ್ನೆಲ್ಲ ಬದಿಗಿಟ್ಟು ಹಡಗು ಕಟ್ಟಿದ್ದರು. ನಾವಿಕರನ್ನು ಹಿಡಿದಿಟ್ಟಿದ್ದರು. ಹೇಳಿದ ದಿನಕ್ಕೆ ಹಡಗು ಸಿದ್ಧವಿತ್ತು. ಜನ ಇರಲಿಲ್ಲ.

ಬಂದದ್ದು ಸುಮಾರು ಮೂರನೇ ಒಂದು ಪಾಲು. ಯಾಕೆ? ವೆನಿಸ್‌ನಿಂದಲೇ ಹತ್ತಬೇಕು ಅಂತ ಯಾರ ಮೇಲೂ ಕಟ್ಟುಪಾಡು ಇರಲಿಲ್ಲ. ಕರಾರಿಗೆ ಸಹಿ ಹಾಕಿದ್ದು ಆರು ಜನ. ಬರಬೇಕಾದ 33,500 ಜನರಲ್ಲಿ ಯಾರೂ ಯಾವುದಕ್ಕೂ ಸಹಿ ಹಾಕಿರಲಿಲ್ಲ. ಕೆಲವರು ಮಾರ್ಸೇಯಿಂದ ಹಡಗು ಹತ್ತಿದರು. ಫ್ಲಾಂಡರ್ಸ್‌ನ ಒಂದು ದೊಡ್ಡ ತಂಡ ತನ್ನದೇ ಹಡಗುಗಳಲ್ಲಿ ಹೋಯಿತು. ಹೊರಡುವ ಮುಂಚೆಯೇ ತೀರಿಕೊಂಡವರೂ ಇದ್ದರು. ದಂಡಿನ ಮುಂದಾಳು ಆಗಬೇಕಿದ್ದ ಶಾಂಪೇನ್‌ನ ಕೌಂಟ್ ತಿಬೊ 1201ರಲ್ಲೇ ಸತ್ತ. ಅವನ ಜಾಗಕ್ಕೆ ಇಟಲಿಯ ಮೊಂಫೆರಾತೊದ ಬೊನಿಫಾಸ್ ಬಂದ.

1202ರ ಬೇಸಿಗೆಯಲ್ಲಿ ಈ ದಂಡು ವೆನಿಸ್ ಪಕ್ಕದ ಲಿಡೊ ದ್ವೀಪದಲ್ಲಿ ಕೂತಿತ್ತು. ಎಲ್ಲರ ಹತ್ತಿರ ವಸೂಲಿ ಮಾಡಿದರು. ಸಾಲಲಿಲ್ಲ. ಪಾಳೆಯಗಾರರು ತಮ್ಮ ಬೆಳ್ಳಿ ಬಂಗಾರದ ಪಾತ್ರೆಗಳನ್ನು ಕೊಟ್ಟರು. ಆದರೂ 34,000 ಮಾರ್ಕ್ ಕಡಿಮೆ ಬಿತ್ತು. ವಾಪಸ್ ಹೋದರೆ ಕೊಟ್ಟ 51,000 ಹೋಯಿತು, ಮಾನವೂ ಹೋಯಿತು. ಹಡಗು ಬಿಟ್ಟುಕೊಟ್ಟರೆ ವೆನಿಸ್ ದಿವಾಳಿ. ಇಬ್ಬರೂ ಒಂದೇ ಹಗ್ಗದ ಎರಡು ತುದಿಯಲ್ಲಿ ನೇತಾಡುತ್ತಿದ್ದರು.

ಮೊದಲ ವಾಯಿದೆ

ದಾಂಡೊಲೊಗೆ ಆಗ 90 ದಾಟಿತ್ತು ಅಂತ ಹೇಳುತ್ತಾರೆ. ಅವನೊಂದು ದಾರಿ ತೋರಿಸಿದ. ಆಡ್ರಿಯಾಟಿಕ್ ಸಮುದ್ರದ ಆಚೆ ದಡದ ಜಾರಾ ನಗರ ವೆನಿಸ್‌ಗೆ ತಿರುಗಿಬಿದ್ದು ಹಂಗೇರಿ ರಾಜನ ಆಶ್ರಯ ಸೇರಿತ್ತು. ಅದನ್ನು ಹಿಡಿದುಕೊಡಿ, ಸಾಲಕ್ಕೆ ವಾಯಿದೆ ಕೊಡುತ್ತೇನೆ ಅಂದ. ಸಾಲ ಮನ್ನಾ ಅಲ್ಲ, ಬರೀ ವಾಯಿದೆ. ಸಂತ ಮಾರ್ಕನ ಚರ್ಚಿನಲ್ಲಿ ಅವನೂ ಕ್ರುಸೇಡಿನ ಪ್ರತಿಜ್ಞೆ ತೊಟ್ಟ. ಶಿಲುಬೆಯ ಗುರುತನ್ನು ಎಲ್ಲರೂ ಭುಜಕ್ಕೆ ಹೊಲಿಸಿಕೊಳ್ಳುತ್ತಿದ್ದರು. ಅವನು ಟೋಪಿಗೆ ಹೊಲಿಸಿಕೊಂಡ, ಜನಕ್ಕೆ ಚೆನ್ನಾಗಿ ಕಾಣಲಿ ಅಂತ. ರಾಜಕಾರಣಿ ಅಂದ್ರೆ ಹಾಗೆ ಅಲ್ವಾ.

ತೊಡಕು ಏನೆಂದರೆ ಜಾರಾ ಕ್ರೈಸ್ತರ ಊರು. ಹಂಗೇರಿಯ ರಾಜ ತಾನೇ ಕ್ರುಸೇಡಿನ ಪ್ರತಿಜ್ಞೆ ಮಾಡಿದವನು. ಕ್ರೈಸ್ತರ ಮೇಲೆ ಕೈ ಮಾಡಿದರೆ ಬಹಿಷ್ಕಾರ ಅಂತ ಪೋಪ್ ಪತ್ರ ಬರೆದಿದ್ದ. ಊರಿನವರು ಕೋಟೆ ಗೋಡೆಯಿಂದ ಶಿಲುಬೆಗಳನ್ನು ಇಳಿಬಿಟ್ಟು ನಾವೂ ನಿಮ್ಮವರೇ ಅಂತ ತೋರಿಸಿದರು. 1202ರ ನವೆಂಬರ್ 24ಕ್ಕೆ ಊರು ಬಿತ್ತು. ಸಿಮೋನ್ ದ ಮೊಂಫರ್ ಅನ್ನುವ ಪಾಳೆಯಗಾರ ಮಾತ್ರ ಇದಕ್ಕೆ ಕೈ ಹಾಕಲ್ಲ ಅಂದು ದೂರ ನಿಂತ, ಮುಂದೆ ದಂಡನ್ನೇ ಬಿಟ್ಟು ಹೋದ. ಪೋಪ್ ಎಲ್ಲರಿಗೂ ಬಹಿಷ್ಕಾರ ಹಾಕಿದ. ಫ್ರೆಂಚರು ಕ್ಷಮೆ ಕೇಳಿ ಬಿಡಿಸಿಕೊಂಡರು. ವೆನಿಸ್‌ನವರ ಮೇಲಿನ ಬಹಿಷ್ಕಾರ ಹಾಗೇ ಉಳಿಯಿತು. ಆ ಪತ್ರ ಬಂದಾಗ ಬೊನಿಫಾಸ್ ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡ. ತೋರಿಸಿದ್ದರೆ ದಂಡು ಅಲ್ಲೇ ಚೆದುರುತ್ತಿತ್ತು.

ತನ್ನದಲ್ಲದ ದುಡ್ಡು

ಆ ಚಳಿಗಾಲ ಜಾರಾದಲ್ಲಿ ಕೂತವರ ಬಳಿಗೆ ಒಬ್ಬ ರಾಜಕುಮಾರನ ದೂತರು ಬಂದರು. ರಾಜಕುಮಾರನ ಹೆಸರು ಅಲೆಕ್ಸಿಯೋಸ್. ಅವನ ಅಪ್ಪ ಇಸಾಕ್ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯಾಗಿದ್ದ. 1195ರಲ್ಲಿ ಇಸಾಕನ ಸ್ವಂತ ಅಣ್ಣ ಅವನ ಕಣ್ಣು ಕೀಳಿಸಿ ಪಟ್ಟ ಕಸಿದುಕೊಂಡ. ಆ ದೊಡ್ಡಪ್ಪನ ಹೆಸರೂ ಅಲೆಕ್ಸಿಯೋಸ್! ಈ ವಂಶದಲ್ಲಿ ಹೆಸರಿಗೆ ಬರ. ಹುಡುಗ ತಪ್ಪಿಸಿಕೊಂಡು ಜರ್ಮನಿಯಲ್ಲಿದ್ದ ಅಕ್ಕ ಭಾವನ ಮನೆ ಸೇರಿದ್ದ.

ಅವನು ಕೊಟ್ಟ ಮಾತು ಕೇಳಿ. ನನ್ನನ್ನು ಪಟ್ಟಕ್ಕೆ ಕೂರಿಸಿ. 200,000 ಮಾರ್ಕ್ ಕೊಡುತ್ತೇನೆ. ಈಜಿಪ್ಟಿಗೆ 10,000 ಸೈನಿಕರನ್ನು ಕಳಿಸುತ್ತೇನೆ. ಬದುಕಿರುವ ತನಕ ಪವಿತ್ರ ಭೂಮಿಯಲ್ಲಿ 500 ನೈಟ್‌ಗಳನ್ನು ಸಾಕುತ್ತೇನೆ. ನಮ್ಮ ಗ್ರೀಕ್ ಚರ್ಚನ್ನು ಪೋಪ್ ಕೈಕೆಳಗೆ ತರುತ್ತೇನೆ. ಇಷ್ಟು ಹೇಳುವಾಗ ಅವನ ಕಿಸೆಯಲ್ಲಿ ಒಂದು ಕಾಸಿರಲಿಲ್ಲ. ಖಜಾನೆ ಎಷ್ಟು ಬರಿದಾಗಿದೆ ಅನ್ನುವ ಅಂದಾಜೂ ಇರಲಿಲ್ಲ. 34,000 ಬಾಕಿ ಇಟ್ಟುಕೊಂಡವರ ಕಿವಿಗೆ 200,000 ಅನ್ನುವ ಶಬ್ದ ಹೇಗೆ ಕೇಳಿಸಿರಬಹುದು! ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಸಿಟ್ಟು ಬರುವುದು ಈ ಹುಡುಗನ ಮೇಲೆ. ದಾಂಡೊಲೊ ತನ್ನ ಊರಿನ ಹಡಗು ಪಣಕ್ಕಿಟ್ಟ. ಇವನು ಪಣಕ್ಕಿಟ್ಟದ್ದು ಬೇರೆಯವರ ಊರನ್ನು.

1203ರ ಜೂನ್ ಕೊನೆಗೆ ಹಡಗುಗಳು ಕಾನ್‌ಸ್ಟಾಂಟಿನೋಪಲ್ ಎದುರು ನಿಂತವು. ಅಂಥ ಗೋಡೆ, ಅಂಥ ಗೋಪುರ, ಅಷ್ಟು ಚರ್ಚುಗಳನ್ನು ಕಂಡು ಎಂಥ ಗಟ್ಟಿಗನ ಮೈಯೂ ನಡುಗಿತು ಅಂತ ವಿಲ್ಲಾರ್ದ್ವಾ ಬರೆದಿದ್ದಾನೆ. ಹುಡುಗನನ್ನು ಗ್ಯಾಲಿಯಲ್ಲಿ ನಿಲ್ಲಿಸಿ ಗೋಡೆಯ ಹತ್ತಿರ ಕರೆದೊಯ್ದರು. ನಿಮ್ಮ ನಿಜವಾದ ಒಡೆಯ ಇವನೇ ನೋಡಿ ಅಂತ ಕೂಗಿದರು. ಯಾರಿವನು, ನಮಗೆ ಗೊತ್ತೇ ಇಲ್ಲ ಅಂತ ಗೋಡೆ ಮೇಲಿನಿಂದ ಉತ್ತರ ಬಂತು. ಊರು ತನ್ನನ್ನು ಕಾಯುತ್ತಾ ಕೂತಿದೆ ಅಂತ ಅವನು ಹೇಳಿಕೊಂಡಿದ್ದು ಅಲ್ಲಿಗೆ ಮುಗಿಯಿತು.

ಜುಲೈ 17ಕ್ಕೆ ಮುತ್ತಿಗೆ. ದಾಂಡೊಲೊ ತನ್ನನ್ನು ಎಲ್ಲರಿಗಿಂತ ಮುಂದೆ ದಡಕ್ಕೆ ಇಳಿಸಿ ಅಂತ ಗದರಿದ. ಧ್ವಜದ ಜೊತೆ ಕುರುಡ ಮುದುಕ ಇಳಿದದ್ದು ನೋಡಿ ಉಳಿದವರು ನಾಚಿಕೆಯಿಂದ ಹಾರಿದರು. ವೆನಿಸ್‌ನವರು 25 ಗೋಪುರ ಹಿಡಿದರು. ಹಿಡಿದದ್ದನ್ನು ಉಳಿಸಿಕೊಳ್ಳಲು ಬೆಂಕಿ ಇಟ್ಟರು. ಅದು ಮೊದಲ ಬೆಂಕಿ. ಆ ರಾತ್ರಿ ದೊಡ್ಡಪ್ಪ 1,000 ಪೌಂಡ್ ಬಂಗಾರ ಕಟ್ಟಿಕೊಂಡು ಪರಾರಿಯಾದ. ಕುರುಡ ಇಸಾಕನನ್ನು ಸೆರೆಯಿಂದ ತಂದು ಮತ್ತೆ ಸಿಂಹಾಸನದಲ್ಲಿ ಕೂರಿಸಿದರು. ಆಗಸ್ಟ್ 1ಕ್ಕೆ ಮಗನಿಗೂ ಪಟ್ಟವಾಯಿತು.

ಈಗ ದುಡ್ಡು. ಹೊಸ ಚಕ್ರವರ್ತಿ ಚರ್ಚುಗಳ ಬೆಳ್ಳಿ ಕರಗಿಸಿ ಹೇಗೋ 100,000 ಮಾರ್ಕ್ ಹೊಂದಿಸಿದ. ಮೂರ್ತಿಚಿತ್ರಗಳ ಮೇಲಿನ ಹೊದಿಕೆಯನ್ನೂ ಬಿಡಲಿಲ್ಲ. ದಂಡಿನಲ್ಲಿ ರಾಬರ್ಟ್ ಕ್ಲಾರಿ ಅನ್ನುವ ಬಡ ನೈಟ್ ಇದ್ದ. ಅವನು ಬರೆದ ಪ್ರಕಾರ ಅದರಲ್ಲಿ ಅರ್ಧ ವೆನಿಸ್‌ಗೆ ಹೋಯಿತು. ಉಳಿದ ಅರ್ಧದಲ್ಲಿ ಹಳೆಯ ಹಡಗಿನ ಬಾಕಿ ತೀರಿತು. ಗಮನಿಸಿ: ಮೂಲ ಸಾಲ ಅಲ್ಲಿಗೆ ಚುಕ್ತಾ. ಅವತ್ತೇ ಹಡಗು ಹತ್ತಿದ್ದರೆ ಈ ಕಥೆ ಒಂದು ಸಣ್ಣ ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತು.

ಹತ್ತಲಿಲ್ಲ. ಹಡಗಿನ ಕರಾರು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿತ್ತು. ನೀವು ಹೋದರೆ ಇಲ್ಲಿನವರು ನನ್ನನ್ನು ಉಳಿಸಲ್ಲ ಅಂತ ಹುಡುಗ ಅಂಗಲಾಚಿದ. ಇನ್ನೂ ಒಂದು ವರ್ಷದ ಹಡಗಿನ ಖರ್ಚು ತಾನೇ ಕೊಡುತ್ತೇನೆ ಅಂದ. ಮತ್ತೆ ಸಾಲ! ಇತ್ತ ಇವರಿಗೆ ಉಳಿದ 100,000ದ ಆಸೆ.

ಆಗಸ್ಟ್‌ನಲ್ಲಿ ದಂಡಿನ ಕೆಲವರು ಊರೊಳಗಿನ ಮಸೀದಿಯ ಮೇಲೆ ಬಿದ್ದರು. ಅಕ್ಕಪಕ್ಕದ ಗ್ರೀಕರು ಮುಸ್ಲಿಮರ ನೆರವಿಗೆ ಬಂದರು. ದಾಳಿ ಮಾಡಿದವರು ಬೆಂಕಿ ಹಚ್ಚಿ ಓಡಿದರು. ಈ ಎರಡನೇ ಬೆಂಕಿ ದಿನಗಟ್ಟಲೆ ಉರಿಯಿತು, ಊರಿನ ನಡುಭಾಗವನ್ನೇ ತಿಂದಿತು. ತಲೆತಲಾಂತರದಿಂದ ಅಲ್ಲೇ ಅಂಗಡಿ ಇಟ್ಟಿದ್ದ ಇಟಲಿಯವರು ಗ್ರೀಕರಿಗೆ ಹೆದರಿ ದಂಡಿನ ಪಾಳೆಯಕ್ಕೆ ಓಡಿಬಂದರು. ಅವರೇ 15,000 ಜನ ಅಂತ ವಿಲ್ಲಾರ್ದ್ವಾ ಲೆಕ್ಕ. ನೆರೆಹೊರೆಯ ಸಂಬಂಧ ಕಡಿದುಬಿದ್ದದ್ದು ಆ ವಾರ.

1204

ಜನವರಿಯಲ್ಲಿ ಊರಿನ ತಾಳ್ಮೆ ಮುಗಿಯಿತು. ಅರಮನೆಯ ಅಧಿಕಾರಿಯೊಬ್ಬ ರಾತ್ರೋರಾತ್ರಿ ಹುಡುಗನನ್ನು ಹಿಡಿದು ಸೆರೆಗೆ ಹಾಕಿದ. ಅವನ ಹೆಸರೂ ಅಲೆಕ್ಸಿಯೋಸ್ ಅಂದರೆ ನೀವು ನಗುತ್ತೀರಿ. ಹುಬ್ಬು ಕೂಡಿಕೊಂಡಿದ್ದರಿಂದ ಜನ ಅವನನ್ನು ಮುರ್ತ್‌ಜುಫ್ಲೋಸ್ ಅಂತ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ. ಫೆಬ್ರವರಿಯಲ್ಲಿ ಅವನು ಹುಡುಗನ ಕತ್ತು ಹಿಸುಕಿಸಿದ. ಸಾಲಗಾರ ಸತ್ತ. ಹೊಸ ಚಕ್ರವರ್ತಿ ಸಾಲವನ್ನು ಒಪ್ಪಲಿಲ್ಲ.

ಊಟಕ್ಕೆ ತತ್ವಾರ, ಹಡಗಿದ್ದರೂ ಕಾಸಿಲ್ಲ. ಮಾರ್ಚ್‌ನಲ್ಲಿ ಹೊರಗೆ ಕೂತ ದಂಡು ಇನ್ನೊಂದು ಕರಾರು ಬರೆದುಕೊಂಡಿತು. ಈ ಸಲ ಎಣಿಕೆ ತಪ್ಪಲಿಲ್ಲ. ಊರು ಗೆದ್ದರೆ 6 ವೆನಿಸ್‌ನವರು, 6 ಫ್ರೆಂಚರು ಸೇರಿ ಚಕ್ರವರ್ತಿಯನ್ನು ಆರಿಸುವುದು. ಸಾಮ್ರಾಜ್ಯದ ಕಾಲು ಭಾಗ ಅವನಿಗೆ. ಉಳಿದ ಮುಕ್ಕಾಲನ್ನು ಎರಡು ಸಮಪಾಲು ಮಾಡಿದರೆ ವೆನಿಸ್‌ಗೆ ಎಂಟರಲ್ಲಿ ಮೂರು. ಇನ್ನೂ ಗೋಡೆ ಹತ್ತಿರವೂ ಹೋಗಿಲ್ಲ, ಭಿನ್ನರಾಶಿ ಮುಗಿದಿತ್ತು.

ಏಪ್ರಿಲ್ 9ರ ದಾಳಿ ಸೋತಿತು. ದೇವರಿಗೇ ಇಷ್ಟವಿಲ್ಲ ಅಂತ ಸೈನಿಕರು ಗುಸುಗುಸು ಮಾಡಿದರು. ಇದು ಧರ್ಮಯುದ್ಧವೇ ಅಂತ ಪಾದ್ರಿಗಳು ಭಾಷಣ ಮಾಡಿದರು, ಪಾಳೆಯದಿಂದ ವೇಶ್ಯೆಯರನ್ನು ಹೊರಗೆ ಕಳಿಸಿದರು. 12ರ ಸೋಮವಾರ ಹಡಗುಗಳನ್ನು ಎರಡೆರಡಾಗಿ ಕಟ್ಟಿಕೊಂಡು ಮತ್ತೆ ಬಂದರು. ಬಡಗಣ ಗಾಳಿ ಎದ್ದು ಒಂದು ಜೋಡಿ ಹಡಗನ್ನು ಗೋಪುರಕ್ಕೇ ತಂದು ತಾಗಿಸಿತು.

ಇನ್ನೊಂದು ಕಡೆ ಇಟ್ಟಿಗೆ ಕಟ್ಟಿ ಮುಚ್ಚಿದ್ದ ಸಣ್ಣ ಬಾಗಿಲನ್ನು ಕೊಡಲಿ, ಹಾರೆ ಹಿಡಿದು ಒಡೆಯುತ್ತಿದ್ದರು. ಮೇಲಿನಿಂದ ಕಲ್ಲಿನ ಮಳೆ. ಒಂದು ತೂತಾಯಿತು. ಇಣುಕಿದರೆ ಒಳಗೆ ಅರ್ಧ ಲೋಕವೇ ನಿಂತ ಹಾಗೆ ಜನ. ಯಾರಿಗೂ ನುಗ್ಗಲು ಧೈರ್ಯವಿಲ್ಲ. ರಾಬರ್ಟ್ ಕ್ಲಾರಿಯ ಒಡಹುಟ್ಟಿದವನು ಅಲೋಮ್, ಪಾದ್ರಿ. ನಾನು ಹೋಗುತ್ತೇನೆ ಅಂದ. ಬೇಡ ಅಂತ ರಾಬರ್ಟ್ ಅವನ ಕಾಲು ಹಿಡಿದು ಎಳೆದ. ಕಾಲು ಕೊಡವಿಕೊಂಡು ಪಾದ್ರಿ ತೆವಳಿ ಒಳಗೆ ಹೋದ, ಚಾಕು ಎತ್ತಿಕೊಂಡು ಎದುರಿಗೆ ಓಡಿದ. ಒಳಗಿದ್ದವರು ದನ ಚೆದುರಿದ ಹಾಗೆ ಓಡಿದರು. ಒಂಬತ್ತು ಶತಮಾನ ಹೊರಗಿನ ಶತ್ರುವಿಗೆ ಬಗ್ಗದ ಊರು ಹೀಗೆ ಬಿತ್ತು ಅಂತ ರಾಬರ್ಟ್ ಬರೆಯುವಾಗ ಒಡಹುಟ್ಟಿದವನ ಹೆಮ್ಮೆ ಒಂದಿಷ್ಟು ಸೇರಿರಲೂಬಹುದು. ಆ ರಾತ್ರಿ ಮೂರನೇ ಬೆಂಕಿ. ಫ್ರಾನ್ಸಿನ ಮೂರು ದೊಡ್ಡ ನಗರಗಳಲ್ಲಿ ಇರುವ ಮನೆಗಳಿಗಿಂತ ಜಾಸ್ತಿ ಮನೆ ಈ ಮೂರು ಬೆಂಕಿಯಲ್ಲಿ ಸುಟ್ಟವು ಅನ್ನುತ್ತಾನೆ ವಿಲ್ಲಾರ್ದ್ವಾ. ಮುರ್ತ್‌ಜುಫ್ಲೋಸ್ ಕತ್ತಲಲ್ಲಿ ಓಡಿಹೋಗಿದ್ದ.

ಬೆಳಗಾದ ಮೇಲೆ ಮೂರು ದಿನ ಲೂಟಿ. ಇದನ್ನು ಒಳಗಿನಿಂದ ಕಂಡವನು ನಿಕೆತಾಸ್ ಖೋನಿಯಾತಿಸ್, ಸಾಮ್ರಾಜ್ಯದ ದೊಡ್ಡ ಅಧಿಕಾರಿ, ಇತಿಹಾಸ ಬರೆಯುವವನು. ಅವನ ದೊಡ್ಡ ಮನೆ ಎರಡನೇ ಬೆಂಕಿಯಲ್ಲೇ ಹೋಗಿತ್ತು. ಊರಿನ ದೊಡ್ಡ ಚರ್ಚು ಹಾಗಿಯಾ ಸೋಫಿಯಾ ಹತ್ತಿರದ ಸಣ್ಣ ಮನೆಯಲ್ಲಿ ಸಂಸಾರ ಅಡಗಿತ್ತು. ಅವರನ್ನು ಉಳಿಸಿದ್ದು ವೆನಿಸ್‌ನವನೇ ಒಬ್ಬ ವೈನ್ ವ್ಯಾಪಾರಿ, ಹಳೇ ಸ್ನೇಹಿತ. ಅವನು ಕವಚ ತೊಟ್ಟು ಬಾಗಿಲಲ್ಲಿ ನಿಂತು, ಈ ಮನೆ ನಾನು ಹಿಡಿದಾಗಿದೆ, ಮುಂದೆ ಹೋಗಿ ಅಂತ ಬಂದವರಿಗೆಲ್ಲ ಗದರಿದ. ತಡೆಯಲು ಆಗದ ಹಂತ ಬಂದಾಗ ಎಲ್ಲರೂ ನಡೆದೇ ಹೊರಟರು. ನಿಕೆತಾಸನ ಹೆಂಡತಿ ತುಂಬು ಬಸುರಿ. ಹೆಣ್ಣುಮಕ್ಕಳಿಗೆ ಮುಖಕ್ಕೆ ಮಣ್ಣು ಬಳಿದುಕೊಳ್ಳಲು ಹೇಳಿದರು. ಆದರೂ ದಾರಿಯಲ್ಲಿ ಒಬ್ಬ ಸೈನಿಕ ವಯಸ್ಸಾದ ನ್ಯಾಯಾಧೀಶನ ಮಗಳನ್ನು ಎಳೆದುಕೊಂಡು ಹೋದ. ನಿಕೆತಾಸ್ ಹಿಂದೆಯೇ ಓಡಿ, ಬೀದಿಯಲ್ಲಿದ್ದ ಬೇರೆ ಸೈನಿಕರ ಕೈ ಹಿಡಿದು, ನಿಮಗೂ ಹೆಂಡಿರು ಮಕ್ಕಳಿಲ್ಲವೇ ಅಂತ ಬೇಡಿ, ಅವರನ್ನೇ ಕರೆದೊಯ್ದು ಹುಡುಗಿಯನ್ನು ಬಿಡಿಸಿಕೊಂಡು ಬಂದ. ಊರ ಹೊರಗೆ ಇನ್ನೊಂದು ಪೆಟ್ಟು ಕಾದಿತ್ತು. ದೊಡ್ಡವರೆಲ್ಲ ಈಗ ನಮ್ಮ ಸಮ ಆದಿರಲ್ಲ ಅಂತ ಹಳ್ಳಿಗರು ನಕ್ಕರು. ಅದನ್ನೂ ಅವನು ಬರೆದಿದ್ದಾನೆ. ತೆರಿಗೆ ಕೊಟ್ಟು ಬೇಸತ್ತವರ ನಗು ಅದು.

ಹಾಗಿಯಾ ಸೋಫಿಯಾದ ಒಳಗೇ ಹೇಸರಗತ್ತೆ ಹೊಡೆದುಕೊಂಡು ಹೋಗಿ ಬೆಳ್ಳಿ ಹೇರಿದರು. ನುಣುಪು ಕಲ್ಲಿನಲ್ಲಿ ಕಾಲು ಜಾರಿ ಬಿದ್ದ ಪ್ರಾಣಿಗಳನ್ನು ಅಲ್ಲೇ ಇರಿದರು. ಮಾರ್ಟಿನ್ ಅನ್ನುವ ಮಠಾಧಿಪತಿ ಮುದಿ ಪಾದ್ರಿಯೊಬ್ಬನನ್ನು ಹೆದರಿಸಿ ಸಂತರ ಅವಶೇಷಗಳನ್ನು ತನ್ನ ನಿಲುವಂಗಿಯ ಮಡಿಲು ತುಂಬ ತುಂಬಿಕೊಂಡ. ಪ್ರಾಚೀನ ಗ್ರೀಕ್ ಶಿಲ್ಪಿಗಳು ಎರಕ ಹೊಯ್ದ ಕಂಚಿನ ಪ್ರತಿಮೆಗಳನ್ನು ಚಿಲ್ಲರೆ ನಾಣ್ಯಕ್ಕಾಗಿ ಕರಗಿಸಿದರು. ಕುದುರೆ ಓಟದ ಮೈದಾನದ ನಾಲ್ಕು ಕುದುರೆಗಳು ಮಾತ್ರ ಇಡಿಯಾಗಿ ವೆನಿಸ್ ಸೇರಿದವು. ನೆಪೋಲಿಯನ್ ಅವನ್ನು ಪ್ಯಾರಿಸ್‌ಗೆ ಒಯ್ದಿದ್ದ, 1815ರಲ್ಲಿ ವೆನಿಸ್‌ಗೇ ವಾಪಸ್ ಬಂದವು. ಕದ್ದ ಮಾಲು ಕದ್ದವರ ಕೈಯಿಂದ ಕದ್ದು ಹೋಗಿ, ಮೊದಲು ಕದ್ದವರಿಗೇ ಸಿಕ್ಕಿತು.

ಪಾಲು ಹಂಚಿಕೆ ಬಹಳ ಶಿಸ್ತಿನಿಂದ ನಡೆಯಿತು. ಮೊದಲು ವೆನಿಸ್‌ನ ಬಾಕಿ 50,000, ಅಂದರೆ ಹುಡುಗ ಮಾತು ಕೊಟ್ಟು ಕಟ್ಟದೆ ಹೋದದ್ದು. ಉಳಿದದ್ದರಲ್ಲಿ ಪಾಲು ಬಿದ್ದು ನೈಟ್‌ಗೆ 20 ಮಾರ್ಕ್, ಸವಾರನಿಗೆ 10, ಕಾಲಾಳಿಗೆ 5. ಕರಾರಿನಲ್ಲಿ ಹಡಗಿನ ದರ ತಲೆಗೆ 2 ಮಾರ್ಕ್ ಇತ್ತಲ್ಲ? ಕಾಲಾಳಿಗೆ ಎರಡು ವರ್ಷದ ದುಡಿಮೆಯಲ್ಲಿ ಮಿಕ್ಕಿದ್ದು 3. ಕದ್ದು ಇಟ್ಟುಕೊಂಡವರನ್ನು ಗಲ್ಲಿಗೆ ಹಾಕಿದರು. ಒಬ್ಬ ನೈಟ್‌ನನ್ನು ಅವನ ಗುರಾಣಿಯನ್ನೇ ಕೊರಳಿಗೆ ಕಟ್ಟಿ ನೇತುಹಾಕಿದರು.

ಅದೇ 1204ರಲ್ಲಿ ಬೇರೆ ಕಡೆ ಏನಾಗುತ್ತಿತ್ತು ಅಂತ ಒಮ್ಮೆ ಕಣ್ಣಾಡಿಸಬಹುದು. ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯನ್ನು ಫ್ರಾನ್ಸಿಗೆ ಕಳೆದುಕೊಂಡ. ಅವನ ತಾಯಿ ಎಲಿನೋರ್ ಏಪ್ರಿಲ್ 1ಕ್ಕೆ ತೀರಿಕೊಂಡಳು. ಡಿಸೆಂಬರ್‌ನಲ್ಲಿ ಈಜಿಪ್ಟಿನಲ್ಲಿ ಯಹೂದಿ ಪಂಡಿತ, ವೈದ್ಯ ಮೈಮೊನಿಡಿಸ್ ಸತ್ತ. ಈ ದಂಡು ಮುಟ್ಟಬೇಕಿದ್ದ ಊರು ಅವನದ್ದು, ಒಬ್ಬನೂ ಅಲ್ಲಿಗೆ ಬರಲಿಲ್ಲ. ನಮ್ಮ ಬೆಳಗಾವಿಯಲ್ಲಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಬಸದಿ ಕಟ್ಟಿಸಿದ್ದು ಇದೇ ವರ್ಷ. ಕೋಟೆಯೊಳಗಿನ ಕಮಲ ಬಸದಿ ಅದು. ಚಾವಣಿಯ ಕಲ್ಲಿನ ಕಮಲ ಈಗಲೂ ತೂಗುತ್ತಿದೆ, ಹೋದಾಗ ತಲೆ ಎತ್ತಿ ನೋಡಿ.

ಆಮೇಲೆ

ಮೇ 16ಕ್ಕೆ ಫ್ಲಾಂಡರ್ಸ್‌ನ ಬಾಲ್ಡ್ವಿನ್ ಚಕ್ರವರ್ತಿಯಾದ. ಒಂದು ವರ್ಷ ತುಂಬುವ ಮುಂಚೆಯೇ, 1205ರ ಏಪ್ರಿಲ್‌ನಲ್ಲಿ, ಬಲ್ಗೇರಿಯನ್ನರ ಕೈಗೆ ಸಿಕ್ಕಿ ಸೆರೆಯಲ್ಲೇ ಸತ್ತ. ದಾಂಡೊಲೊ ಕೂಡ ಅದೇ ವರ್ಷ ಸತ್ತ. ಅವನನ್ನು ಹೂಳಿದ್ದು ಹಾಗಿಯಾ ಸೋಫಿಯಾದಲ್ಲೇ. ಲೂಟಿಯ ವಿವರ ತಿಳಿದ ಮೇಲೆ ಪೋಪ್ ಕೆಂಡವಾದ. ಅಷ್ಟರಲ್ಲಿ ಅವನ ಪ್ರತಿನಿಧಿಯೇ ದಂಡಿನವರನ್ನು ಜೆರುಸಲೇಮಿನ ಪ್ರತಿಜ್ಞೆಯಿಂದ ಬಿಡುಗಡೆ ಮಾಡಿಬಿಟ್ಟಿದ್ದ. 2001ರಲ್ಲಿ ಎರಡನೇ ಜಾನ್ ಪಾಲ್ ಅಥೆನ್ಸ್‌ಗೆ ಹೋಗಿ ಇದಕ್ಕಾಗಿ ವಿಷಾದ ಹೇಳಿದರು.

ಗ್ರೀಕರು ನೈಸಿಯಾ, ಎಪೈರಸ್, ಟ್ರೆಬಿಜೋಂಡ್‌ಗಳಲ್ಲಿ ಬೇರೆ ಬೇರೆ ರಾಜ್ಯ ಕಟ್ಟಿಕೊಂಡರು. ನೈಸಿಯಾದವರು 1261ರ ಜುಲೈ 25ಕ್ಕೆ ಊರನ್ನು ವಾಪಸ್ ಪಡೆದರು. ಆ ನಡುವಿನ 57 ವರ್ಷ ಲ್ಯಾಟಿನ್ ಚಕ್ರವರ್ತಿಗಳು, ಅಂದರೆ ಬಾಲ್ಡ್ವಿನ್ ಮತ್ತು ಅವನ ನಂತರ ಪಟ್ಟಕ್ಕೆ ಬಂದ ಪಶ್ಚಿಮದವರು, ಬದುಕಿದ್ದು ಹೇಗೆ ಗೊತ್ತಾ? ಒತ್ತೆ ಇಟ್ಟು. ಏಸುವಿನ ಮುಳ್ಳಿನ ಕಿರೀಟ ಅಂತ ಪೂಜಿಸುತ್ತಿದ್ದ ವಸ್ತುವನ್ನು 1238ರಲ್ಲಿ ಅಡ ಇಟ್ಟರು. ಫ್ರಾನ್ಸಿನ ಒಂಬತ್ತನೇ ಲೂಯಿ ದುಡ್ಡು ಕಟ್ಟಿ ಬಿಡಿಸಿಕೊಂಡ. ಅರಮನೆ ಚಾವಣಿಯ ಸೀಸ ಕಿತ್ತು ಮಾರಿದರು. ಅದೂ ಸಾಲದೆ ಕೊನೆಯ ಚಕ್ರವರ್ತಿ ಎರಡನೇ ಬಾಲ್ಡ್ವಿನ್ ತನ್ನ ಮಗ ಫಿಲಿಪ್‌ನನ್ನೇ ಸಾಲಕ್ಕೆ ಒತ್ತೆ ಇಟ್ಟ. ಇಟ್ಟುಕೊಂಡವರು ವೆನಿಸ್‌ನ ವ್ಯಾಪಾರಿಗಳು.